ಎರಡನೇ ಆಯ್ಕೆ ಹೇಳಿದರೆ ಜೋಕೆ!

ಅಮೆರಿಕದ ಮತದಾರನಿಗೆ ಮೂರರವರೆಗೆ ಎಣಿಸಲು ಬರುವುದಿಲ್ಲ ಎಂಬ ಗುಟ್ಟು ಕೊನೆಗೂ ಬಯಲಾಗಿದೆ. ಇದು ಆಗದವರು ಹೇಳಿದ ಚಾಡಿ ಅಲ್ಲ. ಅದೇ ಮತದಾರನ ಓಟಿನಿಂದ ಗೆದ್ದು ಕೂತವರು ಕಳಕಳಿಯಿಂದ ಹೇಳುತ್ತಿರುವ ಮಾತು. ಪಾಪ, ಅವನಿಗೆ ತಲೆ ಕೆಡುತ್ತದಂತೆ. ಅದಕ್ಕೇ 2026ರ ಜನವರಿಯಲ್ಲಿ ವಿಸ್ಕಾನ್ಸಿನ್‌ನ ರಿಪಬ್ಲಿಕನ್ ಸಂಸದ ಬ್ರಯನ್ ಸ್ಟೈಲ್ ಒಂದು ಮಸೂದೆ ತಂದರು. ಹೆಸರು 'ಮೇಕ್ ಎಲೆಕ್ಷನ್ಸ್ ಗ್ರೇಟ್ ಅಗೇನ್'. ರಾಷ್ಟ್ರಮಟ್ಟದ ಚುನಾವಣೆಗಳಲ್ಲಿ ಪ್ರಾಶಸ್ತ್ಯ ಮತದಾನ ಬೇಡವೇ ಬೇಡ ಎನ್ನುವುದು ಅದರಲ್ಲಿರುವ ಹಲವು ಮದ್ದುಗಳಲ್ಲಿ ಒಂದು.

ಏನಪ್ಪಾ ಅಂಥ ಭಯಂಕರ ಪದ್ಧತಿ? ಒಬ್ಬರಿಗೇ ಗುರುತು ಹಾಕುವ ಬದಲು ಇಷ್ಟದ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ತೋರಿಸಬೇಕು. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಕೊನೆಯಲ್ಲಿರುವವರನ್ನು ಕೈಬಿಡುತ್ತಾರೆ. ಅವರಿಗೆ ಬಿದ್ದ ಓಟುಗಳು ಆ ಮತದಾರರ ಎರಡನೇ ಆಯ್ಕೆಗೆ ಹೋಗುತ್ತವೆ. ಅಷ್ಟೇ. ನಮ್ಮಲ್ಲಿ ಪಿಯುಸಿ ಮುಗಿಸಿದ ಮಕ್ಕಳು ಸಿಇಟಿ ಆಪ್ಷನ್ ಎಂಟ್ರಿಯಲ್ಲಿ ಕಾಲೇಜುಗಳನ್ನು ಹೀಗೇ ಸಾಲಾಗಿ ತುಂಬುತ್ತಾರೆ, ಅದೂ ಪಕ್ಕದಲ್ಲಿ ಕೂತ ಅಪ್ಪನ ಗೊಣಗಾಟ ಕೇಳಿಕೊಂಡು.

ಮೇನ್ ರಾಜ್ಯದ ಜನ 2016ರಲ್ಲಿ, ಅಲಾಸ್ಕಾದ ಜನ 2020ರಲ್ಲಿ ತಾವಾಗಿಯೇ ಓಟು ಹಾಕಿ ಈ ಪದ್ಧತಿ ತಂದುಕೊಂಡರು. ಆಗ ಯಾರಿಗೂ ಅಷ್ಟೇನೂ ನೋವಾಗಲಿಲ್ಲ. ನೋವು ಶುರುವಾಗಿದ್ದು 2022ರ ಆಗಸ್ಟ್‌ನಲ್ಲಿ. ಅಲಾಸ್ಕಾದ ಸಂಸತ್ ಸ್ಥಾನದ ಉಪಚುನಾವಣೆಯಲ್ಲಿ ಇಬ್ಬರು ರಿಪಬ್ಲಿಕನ್ನರು ಕಣದಲ್ಲಿದ್ದರು, ಸಾರಾ ಪೇಲಿನ್ ಮತ್ತು ನಿಕ್ ಬೆಗಿಚ್. ಮೂರನೇ ಸ್ಥಾನಕ್ಕೆ ಬಿದ್ದ ಬೆಗಿಚ್ ಹೊರಗಾದರು. ಅವರ ಬೆಂಬಲಿಗರ ಓಟುಗಳೆಲ್ಲ ಸೀದಾ ಪೇಲಿನ್‌ಗೆ ಹೋಗಬೇಕಿತ್ತು, ಅಲ್ವಾ? ಹೋಗಿದ್ದು ಸುಮಾರು ಅರ್ಧ. ಒಂದಷ್ಟು ಜನ ಡೆಮಾಕ್ರಟ್ ಮೇರಿ ಪೆಲ್ಟೋಲಾ ಹೆಸರು ಬರೆದಿದ್ದರು, ಇನ್ನೊಂದಷ್ಟು ಜನ ಎರಡನೇ ಜಾಗವನ್ನು ಖಾಲಿ ಬಿಟ್ಟಿದ್ದರು. ಪೆಲ್ಟೋಲಾ ಗೆದ್ದರು. 'ನಮ್ಮವರೇ ಪೇಲಿನ್ ಬೇಡ ಎಂದರು' ಎಂದು ಒಪ್ಪಿಕೊಳ್ಳುವುದು ಯಾವ ಪಕ್ಷಕ್ಕಾದರೂ ಕಷ್ಟ. 'ಜನಕ್ಕೆ ಗೊಂದಲವಾಯಿತು' ಎನ್ನುವುದು ಸುಲಭ. ಅರ್ಕಾನ್ಸಾದ ಸೆನೆಟರ್ ಟಾಮ್ ಕಾಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇದನ್ನು ಮೋಸವೆಂದೇ ಕರೆದರು.

ಕಾಟನ್ ಸಾಹೇಬರು ಒಂದು ಕಾಲಕ್ಕೆ ಸೈನಿಕರು. ಅವರ ಅರ್ಕಾನ್ಸಾದಲ್ಲಿ ವಿದೇಶದಲ್ಲಿರುವ ಸೈನಿಕರಿಗೆ ಕಳಿಸುವುದು ಎಂಥ ಮತಪತ್ರ ಗೊತ್ತೇ? ಒಂದು, ಎರಡು, ಮೂರು ಎಂದು ಬರೆಯುವಂಥದ್ದೇ. ಯಾರಿಗೂ ಬಹುಮತ ಬರದೆ ಎರಡನೇ ಸುತ್ತಿನ ಮತದಾನ ಬಂದರೆ ಅಂಚೆ ಸಮಯಕ್ಕೆ ಮುಟ್ಟುವುದಿಲ್ಲ, ಆದ್ದರಿಂದ ಆಯ್ಕೆಗಳನ್ನು ಮೊದಲೇ ಬರೆದು ಕಳಿಸಿ ಎನ್ನುವ ಲೆಕ್ಕ. ಲೂಸಿಯಾನಾ 2024ರಲ್ಲಿ ಪದ್ಧತಿಯನ್ನು ನಿಷೇಧಿಸಿತು, ಆದರೆ ಸೈನಿಕರಿಗೆ ಮತ್ತು ವಿದೇಶದಲ್ಲಿರುವವರಿಗೆ ವಿನಾಯಿತಿ ಕೊಟ್ಟಿತು. ಅಂದರೆ ವಿಮಾನ ಹತ್ತಿದ ಕೂಡಲೇ ಲೂಸಿಯಾನಾದವನಿಗೆ ಎಣಿಕೆ ಬರುತ್ತದೆ. ರಜೆಗೆ ಊರಿಗೆ ಬಂದು ಇಳಿದರೆ ಮರೆತುಹೋಗುತ್ತದೆ. ಅಲ್ಲಿನ ನೀರಿನಲ್ಲೇ ಏನೋ ಇರಬೇಕು.

ಮನೆಯೊಳಗಿನ ಕಥೆ ಇನ್ನೂ ಚೆಂದ. 2021ರಲ್ಲಿ ವರ್ಜೀನಿಯಾದ ರಿಪಬ್ಲಿಕನ್ ಪಕ್ಷ ಗವರ್ನರ್ ಅಭ್ಯರ್ಥಿಯನ್ನು ಆರಿಸಿದ್ದು ಇದೇ ಪ್ರಾಶಸ್ತ್ಯ ಮತದಿಂದ. ಆಯ್ಕೆಯಾದ ಗ್ಲೆನ್ ಯಂಗ್‌ಕಿನ್ ಗವರ್ನರೂ ಆದರು. ಆಗ ಯಾರಿಗೂ ತಲೆ ಸುತ್ತಲಿಲ್ಲ.

ಡೆಮಾಕ್ರಟರು ನಗಬೇಕಾಗಿಲ್ಲ. ಕ್ಯಾಲಿಫೋರ್ನಿಯಾದ ಇನ್ನಷ್ಟು ಊರುಗಳಿಗೆ ಈ ಅವಕಾಶ ಕೊಡುವ ಮಸೂದೆಯನ್ನು 2019ರಲ್ಲಿ ತಡೆದವರು ಗವರ್ನರ್ ಗ್ಯಾವಿನ್ ನ್ಯೂಸಮ್. 2007ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋದ ಮೇಯರ್ ಆಗಿ ಮತ್ತೆ ಗೆದ್ದಾಗ ಅಲ್ಲಿ ಇದ್ದದ್ದು ಇದೇ ಪದ್ಧತಿ. ಹತ್ತಿದ ಏಣಿಯನ್ನು ಒದೆಯುವುದರಲ್ಲಿ ಮಾತ್ರ ಎರಡೂ ಪಕ್ಷಗಳಲ್ಲಿ ಒಗ್ಗಟ್ಟಿದೆ.

ಗೊಂದಲ ಎನ್ನುವವರು ಬರೆದ ಮತಪತ್ರವನ್ನೇ ನೋಡಿ. 2024ರ ನವೆಂಬರ್‌ನಲ್ಲಿ ಮಿಸೌರಿಯಲ್ಲಿ ಜನರ ಮುಂದಿಟ್ಟ, ರಾಜ್ಯದ ಸಂವಿಧಾನಕ್ಕೆ ಏಳನೇ ಸಂಖ್ಯೆಯ ತಿದ್ದುಪಡಿ ಪ್ರಸ್ತಾಪದ ಮೊದಲ ಸಾಲು: ಅಮೆರಿಕದ ಪ್ರಜೆಗಳಿಗೆ ಮಾತ್ರ ಮತದಾನದ ಹಕ್ಕು ಇರಬೇಕೇ? ಅದು ಆಗಲೇ ಅಲ್ಲಿನ ಕಾನೂನು. ಅದರ ಕೆಳಗೆ ಮೆಲ್ಲಗೆ ಪ್ರಾಶಸ್ತ್ಯ ಮತದ ನಿಷೇಧ. ಎರಡಕ್ಕೂ ಸೇರಿ ಒಂದೇ 'ಹೌದು' ಅಥವಾ 'ಇಲ್ಲ'. ಜನ ಹೌದು ಎಂದರು. ಇನ್ನು ಫ್ಲಾರಿಡಾ 2022ರಲ್ಲಿ ಇದನ್ನು ನಿಷೇಧಿಸಿದ್ದು ಚುನಾವಣಾ ಅಪರಾಧ ಪತ್ತೆಹಚ್ಚಲು ಹೊಸ ಕಚೇರಿ ತೆರೆದ ಕಾನೂನಿನಲ್ಲೇ. ಅದೇ ರಾಜ್ಯದ ಸಾರಸೋಟಾ ಊರಿನವರು 2007ರಲ್ಲೇ ಈ ಪದ್ಧತಿ ಬೇಕು ಎಂದಿದ್ದರು. ಒಂದು ಸಲವೂ ಬಳಸಲು ಸಿಗಲಿಲ್ಲ. ಮಾಡದ ತಪ್ಪಿಗೆ ದಂಡ.

ಪದ್ಧತಿಯಲ್ಲಿ ಲೋಪವೇ ಇಲ್ಲ ಎಂದೇನಲ್ಲ. ಎಣಿಕೆ ತಡವಾಗುತ್ತದೆ. ಎರಡನೇ ಆಯ್ಕೆ ಬರೆಯದವರ ಓಟು ಮುಂದಿನ ಸುತ್ತಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲೂ ಇದೇ ಪದ್ಧತಿ. ಅಲ್ಲಿ ಡಿಗ್ರಿ ಇರುವವರೇ ಅಂಕಿ ಬರೆಯುವ ಕಡೆ ಟಿಕ್ ಹಾಕಿ ಓಟು ಅಸಿಂಧು ಮಾಡಿಕೊಂಡು ಬರುತ್ತಾರೆ. ಆದರೆ ನಾಯಕರ ಭಯ ಅದಲ್ಲ, ಎರಡನೇ ಆಯ್ಕೆ ಪಕ್ಷದ ಗೆರೆ ದಾಟುತ್ತದೆ ಎನ್ನುವುದು. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನಮ್ಮ ನಿಜಲಿಂಗಪ್ಪನವರು ಪಕ್ಷದ ಅಧಿಕೃತ ಅಭ್ಯರ್ಥಿ ಸಂಜೀವ ರೆಡ್ಡಿಯವರಿಗೆ ಎರಡನೇ ಪ್ರಾಶಸ್ತ್ಯದ ಮತ ಕೊಡಿ ಎಂದು ಜನಸಂಘ, ಸ್ವತಂತ್ರ ಪಕ್ಷದವರನ್ನೂ ಕೇಳಿದರು. ಗೆದ್ದದ್ದು ಇಂದಿರಾ ಬೆಂಬಲಿಸಿದ ವಿ.ವಿ. ಗಿರಿ, ಅದೂ ಎರಡನೇ ಪ್ರಾಶಸ್ತ್ಯದ ಎಣಿಕೆ ಆದಮೇಲೆ. ವರ್ಷ ಮುಗಿಯುವುದರೊಳಗೆ ಪಕ್ಷವೇ ಎರಡು ಹೋಳು.

ಅಲಾಸ್ಕಾಕ್ಕೆ ಬರೋಣ. 2024ರಲ್ಲಿ ಪದ್ಧತಿಯನ್ನು ಕಿತ್ತುಹಾಕಬೇಕೇ ಎಂದು ಅಲ್ಲಿನ ಜನರನ್ನೇ ಕೇಳಿದರು. ಸಾವಿರಕ್ಕೂ ಕಡಿಮೆ ಓಟುಗಳ ಅಂತರದಲ್ಲಿ ಅದು ಉಳಿದುಕೊಂಡಿತು. ಅದೇ ದಿನ, ಅದೇ ಪ್ರಾಶಸ್ತ್ಯ ಮತದಿಂದ, ಅದೇ ನಿಕ್ ಬೆಗಿಚ್ ಪೆಲ್ಟೋಲಾರನ್ನು ಸೋಲಿಸಿ ವಾಷಿಂಗ್ಟನ್‌ಗೆ ಹೋದರು. ಆ ಫಲಿತಾಂಶವನ್ನು ಮೋಸ ಎಂದು ಅವರ ಪಕ್ಷದವರು ದೊಡ್ಡದಾಗಿ ಕೂಗಿದ್ದು ಕೇಳಿಸಲಿಲ್ಲ.

ಹಾಗಾಗಿ ಸ್ಟೈಲ್ ಅವರ ಮಸೂದೆಗೆ ನನ್ನದೊಂದು ಚಿಕ್ಕ ತಿದ್ದುಪಡಿ. ನಿಷೇಧ ಇರಲಿ, ವಿನಾಯಿತಿಗಳನ್ನೂ ಬರೆದುಬಿಡಿ, ಪ್ರಾಶಸ್ತ್ಯದ ಕ್ರಮದಲ್ಲಿ. ಒಂದು, ನಮ್ಮವರು ಗೆದ್ದಾಗ. ಎರಡು, ಪಕ್ಷದೊಳಗೆ ನಾವೇ ಬಳಸಿದಾಗ. ಮೂರು, ಓಟು ಹಾಕುವವನು ದೇಶದ ಹೊರಗಿದ್ದಾಗ.