ಪಿಯುಸಿಯಲ್ಲಿ ಓದದಿದ್ದವರೂ ಸೈಕಾಲಜಿ ತಗೋಬಹುದು

ಪಿಯುಸಿ ರಿಸಲ್ಟ್ ಬಂದು ಡಿಗ್ರಿ ಅಡ್ಮಿಷನ್ ಶುರುವಾಯಿತೆಂದರೆ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಮಗಳಿಗೋ ಮಗನಿಗೋ ಸೈಕಾಲಜಿ ಓದುವ ಆಸೆ. ಆದರೆ ಓದಿದ್ದು ಸೈನ್ಸು ಇಲ್ಲವೇ ಕಾಮರ್ಸು, ಸೈಕಾಲಜಿ ಪುಸ್ತಕ ಕೈಯಲ್ಲಿ ಹಿಡಿದವರಲ್ಲ. ಮೊನ್ನೆ ಶಿರಸಿ ಹತ್ತಿರದ ಹಳ್ಳಿಯಿಂದ ಫೋನ್ ಮಾಡಿದ ಅಪ್ಪ ಒಬ್ಬರು ಕೇಳಿದ್ದೂ ಅದನ್ನೇ: "ಕೂಸು ಮುಂಚೆ ಓದಿದ್ದೇ ಇಲ್ಲೆ ತಂಗಿ, ಅದ್ರ ಹತ್ರ ಆಗ್ತ?"

ಆಗುತ್ತದೆ. ಪಿಯುಸಿಯಲ್ಲಿ ಪಿಸಿಎಂಬಿ ಮಾಡಿ, ಧಾರವಾಡಕ್ಕೆ ಹೋಗಿ ಬಿಎಗೆ ಸೈಕಾಲಜಿ ಆರಿಸಿಕೊಂಡವಳು ನಾನು. ಈಗ ಕುಮಟಾ, ಹೊನ್ನಾವರ ಕಡೆಯ ಶಾಲೆಗಳಲ್ಲಿ ಮಕ್ಕಳ ಕೌನ್ಸೆಲಿಂಗ್ ಮಾಡುತ್ತೇನೆ. ಹಾಗಾಗಿ ಪ್ರತಿಯೊಬ್ಬರಿಗೂ ಫೋನಿನಲ್ಲಿ ತುಂಡುತುಂಡಾಗಿ ಹೇಳುವ ಬದಲು ಇಲ್ಲಿ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ನಮ್ಮ ಪಿಯು ಪಠ್ಯದಲ್ಲಿ ಮನಃಶಾಸ್ತ್ರ ಇಲ್ಲವೆಂದಲ್ಲ, ಕಲಾ ವಿಭಾಗದ ಐಚ್ಛಿಕ ವಿಷಯಗಳಲ್ಲಿ ಅದೂ ಒಂದು. ಆದರೆ ನಮ್ಮ ಕಡೆ ಹೆಚ್ಚಿನ ಮಕ್ಕಳಿಗೆ ಸಿಗುವುದು ಪಿಸಿಎಂಬಿ, ಇಲ್ಲವೇ ಅಕೌಂಟೆನ್ಸಿಯ ಯಾವುದೋ ಕಾಂಬಿನೇಷನ್, ಇಲ್ಲವೇ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಇದು ಡಿಗ್ರಿ ಕಾಲೇಜಿನ ಮೇಷ್ಟ್ರಿಗೂ ಗೊತ್ತು. ಅವರು ಪಾಠ ಶುರು ಮಾಡುವುದೇ ಮೊದಲಕ್ಷರದಿಂದ: ಮನಃಶಾಸ್ತ್ರ ಎಂದರೇನು, 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಎಂಬವರು ಮನಃಶಾಸ್ತ್ರದ ಪ್ರಯೋಗಾಲಯ ತೆರೆದದ್ದು ಯಾಕೆ ಮುಖ್ಯ, ಮೆದುಳು ಮತ್ತು ನರಗಳ ಕೆಲಸ ಏನು. ನನ್ನ ಕ್ಲಾಸಿನಲ್ಲಿ ಪಿಯುಸಿಯಲ್ಲೇ ಓದಿ ಬಂದವರೂ ಇದ್ದರು. ಮೊದಲ ಕೆಲವು ವಾರ ಅವರು ಸಲೀಸಾಗಿ ಉತ್ತರ ಕೊಡುತ್ತಿದ್ದರು, ನಾವು ಸುಮ್ಮನೆ ಕೂತಿರುತ್ತಿದ್ದೆವು. ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಯಾರು ಎಲ್ಲಿಂದ ಬಂದವರು ಎಂಬುದೇ ಯಾರಿಗೂ ನೆನಪಿರಲಿಲ್ಲ.

ಈ ವಿಷಯ ಕಟ್ಟಿದವರೇ ಬೇರೆ ಕಡೆಯಿಂದ ಬಂದವರು. ವುಂಟ್ ಓದಿದ್ದು ವೈದ್ಯಕೀಯ. ಅಮೆರಿಕದಲ್ಲಿ ಈ ವಿಷಯಕ್ಕೆ ಬುನಾದಿ ಹಾಕಿದ ವಿಲಿಯಂ ಜೇಮ್ಸ್ ಕೂಡ ವೈದ್ಯಕೀಯದವರೇ. ತಾನು ಕೇಳಿದ ಮೊದಲ ಮನಃಶಾಸ್ತ್ರದ ಉಪನ್ಯಾಸ ತಾನೇ ಕೊಟ್ಟದ್ದು ಎಂದು ಅವರೇ ಹೇಳಿಕೊಂಡಿದ್ದಾರೆ. ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಎಂದು ಜಗತ್ತಿಗೆ ತೋರಿಸಿದ ಪಿಯಾಜೆ 1918ರಲ್ಲಿ ಡಾಕ್ಟರೇಟ್ ಪಡೆದದ್ದು ಬಸವನಹುಳು, ಚಿಪ್ಪಿಯಂಥ ಮೃದ್ವಂಗಿಗಳ ಮೇಲೆ. ನಮ್ಮ ಗಂಗಾವಳಿ, ಅಘನಾಶಿನಿ ನದಿಗಳಲ್ಲಿ ಬಳಚು ಎಂಬ ಚಿಪ್ಪಿ ಆರಿಸುವವರಿಗೆ ಈ ಮಾತು ಖುಷಿ ಕೊಡಬೇಕು.

ಹಾಗಾದರೆ ಕೇಳಬೇಕಾದ ಪ್ರಶ್ನೆ ಯಾವುದು? ಮಗುವಿಗೆ ಈ ವಿಷಯ ನಿಜವಾಗಿ ಹೇಗಿರುತ್ತದೆ ಎಂದು ಗೊತ್ತೇ ಎನ್ನುವುದು. ಇನ್‌ಸ್ಟಾಗ್ರಾಂ ರೀಲ್ಸ್ ನೋಡಿ ಬರುವವರು ಬಹಳ ಜನ. ಮುಖ ನೋಡಿ ಮನಸ್ಸು ಓದುವುದನ್ನು ಕಲಿಸುತ್ತಾರೆ ಅಂದುಕೊಂಡಿರುತ್ತಾರೆ. ಕಾಲೇಜಿಗೆ ಬಂದರೆ ಮೊದಲು ಸಿಗುವುದು ಪ್ರಾಕ್ಟಿಕಲ್ ಕ್ಲಾಸು, ಸ್ಟಾಪ್‌ವಾಚು, ಗ್ರಾಫ್ ಶೀಟು.

ಮ್ಯೂಲರ್–ಲಯರ್ ಪ್ರಯೋಗವನ್ನೇ ತಗೊಳ್ಳಿ. ಎರಡು ಗೆರೆ. ಒಂದರ ತುದಿಗಳಲ್ಲಿ ಬಾಣದ ಮೊನೆ ಒಳಮುಖ ಮಡಚಿದೆ, ಇನ್ನೊಂದರಲ್ಲಿ ಹೊರಮುಖ ಚಾಚಿದೆ. ಎರಡೂ ಸಮ ಎಂದು ಕಾಣುವ ತನಕ ಒಂದನ್ನು ಸರಿಸಬೇಕು. ಸರಿಸಿದ ಮೇಲೆ ಸ್ಕೇಲಿನಲ್ಲಿ ಅಳೆದರೆ ಸಮ ಇರುವುದಿಲ್ಲ. ಎಡದಿಂದ ಸರಿಸಿ, ಬಲದಿಂದ ಸರಿಸಿ, ಮತ್ತೆ ಮತ್ತೆ ಮಾಡಿಸಿ ಪ್ರತಿ ಸಲದ ತಪ್ಪನ್ನೂ ಮಿಲಿಮೀಟರಿನಲ್ಲಿ ಬರೆದು ಸರಾಸರಿ ತೆಗೆಯಬೇಕು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು: ಎರಡು ಗೆರೆಯನ್ನೂ ಅಳೆದು ಸಮ ಮಾಡಿಟ್ಟು, ಇದು ಭ್ರಮೆ, ಎರಡೂ ಒಂದೇ ಉದ್ದ ಎಂದು ಗೊತ್ತಾದ ಮೇಲೂ ಕಣ್ಣಿಗೆ ಮೊನೆ ಹೊರಮುಖ ಚಾಚಿದ ಗೆರೆಯೇ ಉದ್ದವಾಗಿ ಕಾಣುತ್ತದೆ. ತಿಳಿದರೂ ಹೋಗುವುದಿಲ್ಲ. "ಹೆದರಬೇಡ ಅಂತ ಎಷ್ಟು ಹೇಳಿದರೂ ಇವನು ಹೆದರ್ತಾನೆ" ಎಂದು ತಾಯಂದಿರು ನನ್ನೆದುರು ಕೂತು ಹೇಳುವಾಗಲೆಲ್ಲ ನನಗೆ ಆ ಎರಡು ಗೆರೆ ಕಣ್ಣಿಗೆ ಬರುತ್ತವೆ. ತಿಳಿಹೇಳಿದ ಮಾತ್ರಕ್ಕೆ ಒಳಗಿನದು ಬದಲಾಗುವುದಿಲ್ಲ ಎಂದು ಅಷ್ಟು ಸ್ಪಷ್ಟವಾಗಿ ನನಗೆ ಇನ್ಯಾವ ಪಾಠವೂ ಹೇಳಲಿಲ್ಲ.

ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆ ತಿದ್ದುವ ಪ್ರಯೋಗವೂ ಹಾಗೇ. ಬಲಗೈಗೆ ಅಭ್ಯಾಸ ಮಾಡಿಸಿದರೆ, ಅಭ್ಯಾಸವನ್ನೇ ಮಾಡದ ಎಡಗೈಯೂ ಸುಧಾರಿಸುತ್ತದೆ. ಇಂಥದ್ದನ್ನು ಕಂಡು ಬೆರಗಾಗುವ ಮಕ್ಕಳು ಈ ವಿಷಯಕ್ಕೆ ಬರಬೇಕು. ಪಿಯುಸಿಯಲ್ಲಿ ಏನು ಓದಿದ್ದರೂ ಬರಬೇಕು.

ಕಷ್ಟ ಇರುವುದು ಎರಡು ಕಡೆ. ಒಂದು ಸ್ಟ್ಯಾಟಿಸ್ಟಿಕ್ಸ್. ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್, ಕೋರಿಲೇಷನ್, ಮುಂದೆ ಟಿ–ಟೆಸ್ಟ್. ಗಣಿತಕ್ಕೆ ಹೆದರಿ ಆರ್ಟ್ಸಿಗೆ ಬಂದ ಮಕ್ಕಳು ಇಲ್ಲಿ ಕಂಗಾಲಾಗುತ್ತಾರೆ. ಎಸ್‌ಎಸ್‌ಎಲ್‌ಸಿ ಗಣಿತ ಗಟ್ಟಿಯಿದ್ದು ದಿನಾ ಲೆಕ್ಕ ಬಿಡಿಸಿದರೆ ಸಾಕು, ಕೈ ಹಿಡಿಯುತ್ತದೆ. ಇನ್ನೊಂದು ಇಂಗ್ಲಿಷ್. ಪರೀಕ್ಷೆಯ ಉತ್ತರಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶ ಇದೆಯೇ ಎಂದು ಸೇರುವ ಕಾಲೇಜಿನಲ್ಲೇ ಕೇಳಿಕೊಳ್ಳಿ. ಆದರೆ ಓದಬೇಕಾದ ಒಳ್ಳೆಯ ಪುಸ್ತಕಗಳು ಹೆಚ್ಚಿನವು ಇಂಗ್ಲಿಷಿನಲ್ಲೇ ಇವೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲ ವರ್ಷ ಇದು ಬೆಟ್ಟ. ಹತ್ತಿದವರನ್ನು ನಾನು ನೋಡಿದ್ದೇನೆ.

ಮುಂಚೆ ಓದಿರಬೇಕಾ ಎಂಬ ಪ್ರಶ್ನೆಗೆ ನಿಜವಾದ ತೂಕ ಬರುವುದು ಬಿಎ ಮುಗಿದ ಮೇಲೆ. ಎಂಎ ಸೈಕಾಲಜಿಗೆ ಸೇರಲು ಪದವಿಯಲ್ಲಿ ಆ ವಿಷಯ ಓದಿರಲೇಬೇಕು ಎನ್ನುವ ವಿಶ್ವವಿದ್ಯಾಲಯಗಳಿವೆ. ಹಿಂದೆ ಬೇರೆ ಪದವಿ ಮುಗಿಸಿದವರು ದೂರಶಿಕ್ಷಣದಲ್ಲಿ ಎಂಎ ಮಾಡಿಕೊಳ್ಳುವ ದಾರಿಯೊಂದಿತ್ತು. 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣ ಮತ್ತು ಆನ್‌ಲೈನಿನಲ್ಲಿ ಕೊಡಬಾರದು ಎಂದು ಯುಜಿಸಿ ಹೇಳಿದೆ. ಅದಕ್ಕೇ ನನ್ನ ಒತ್ತಾಯ: ಆಸೆ ಇದ್ದರೆ ಈಗಲೇ, ಡಿಗ್ರಿಯಲ್ಲೇ ತಗೊಳ್ಳಿ. "ಮೊದಲು ಬಿಕಾಂ ಮಾಡು, ಆಮೇಲೆ ನೋಡೋಣ" ಎನ್ನುವ ಅಪ್ಪ ಅಮ್ಮಂದಿರು ಮಕ್ಕಳ ಮುಂದಿನ ಬಾಗಿಲು ತಾವೇ ಮುಚ್ಚುತ್ತಿದ್ದಾರೆ.

ದಾರಿ ಉದ್ದ ಇದೆ, ಅದನ್ನು ಮುಚ್ಚಿಡಬಾರದು. ಬಿಎ ಒಂದರಿಂದಲೇ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮನಸ್ಸಿನ ಕಾಯಿಲೆಗೆ ಔಷಧವಿಲ್ಲದೆ ಚಿಕಿತ್ಸೆ ಕೊಡುವ ತಜ್ಞರು, ಆಗುವುದಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ತರಬೇತಿ ಮತ್ತು ನೋಂದಣಿ ಬೇಕು. ಎಂಎ ನಂತರ ಎರಡು ವರ್ಷದ ಎಂಫಿಲ್ ಮಾಡುವುದು ಇದುವರೆಗಿನ ರೂಢಿ. ಈಗ ಕೋರ್ಸುಗಳ ಸ್ವರೂಪವೇ ಬದಲಾಗುತ್ತಿರುವುದರಿಂದ ಆಯಾ ವರ್ಷದ ನಿಯಮ ಆರ್‌ಸಿಐ ವೆಬ್‌ಸೈಟಿನಲ್ಲೇ ನೋಡಿ. ಔಷಧ ಬರೆದುಕೊಡುವ ಮನೋವೈದ್ಯರಾಗಬೇಕಾದರೆ ಎಂಬಿಬಿಎಸ್ ದಾರಿಯೇ ಹಿಡಿಯಬೇಕು. ಕೆಲವೇ ವಾರದಲ್ಲಿ ಕೌನ್ಸೆಲರ್ ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವ ಜಾಹೀರಾತಿಗೆ ದಯವಿಟ್ಟು ದುಡ್ಡು ಕಟ್ಟಬೇಡಿ. ಅಂಥ ಕಾಗದ ಹಿಡಿದವರ ಕೈಗೆ ಸಿಕ್ಕು ಇನ್ನಷ್ಟು ಕುಗ್ಗಿಹೋದ ಮಕ್ಕಳನ್ನು ಆಮೇಲೆ ನಾವು ಮಾತಾಡಿಸುತ್ತೇವೆ.

ಇನ್ನೊಂದು. ತಮ್ಮದೇ ನೋವು ಅರ್ಥ ಮಾಡಿಕೊಳ್ಳಲು ಈ ವಿಷಯ ಆರಿಸುವ ಮಕ್ಕಳಿದ್ದಾರೆ. ಬನ್ನಿ, ಖಂಡಿತ ಬನ್ನಿ. ಆದರೆ ಕ್ಲಾಸ್‌ರೂಮು ಚಿಕಿತ್ಸೆಯ ಜಾಗ ಅಲ್ಲ. ಮೊದಲು ಸಹಾಯ ತಗೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ ಯಾವ ಹೊತ್ತಿಗೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

"ಹುಚ್ಚರ ಡಾಕ್ಟ್ರಾಗಿ ಊರಲ್ಲಿ ಎಂತ ಮಾಡ್ತೆ?" ಎಂದು ನನ್ನನ್ನೂ ಕೇಳಿದ್ದರು. ಸೈಕಾಲಜಿ ಓದಿದವರು ಊರಿನಲ್ಲೇ ಬೇಕು. ಕಾರವಾರದ ಮೀನುಗಾರರ ಮನೆಯ ಹುಡುಗಿ ಕೊಂಕಣಿಯಲ್ಲಿ ಅಳುತ್ತಾಳೆ. ಅಂಕೋಲೆಯ ಹಾಲಕ್ಕಿ ಸಮುದಾಯದ ಅಜ್ಜಿಯ ಕನ್ನಡ ಬೆಂಗಳೂರಿನ ಕೌನ್ಸೆಲರಿಗೆ ಅರ್ಧ ತಿಳಿಯುವುದಿಲ್ಲ. ಭಟ್ಕಳದಲ್ಲಿ ನವಾಯತಿ, ಜೋಯಿಡಾದಲ್ಲಿ ಕೊಂಕಣಿ, ಮರಾಠಿ. ಶಿರಸಿ, ಸಿದ್ದಾಪುರದ ಎಷ್ಟೋ ತೋಟದ ಮನೆಗಳಲ್ಲಿ ಮಕ್ಕಳೆಲ್ಲ ಬೆಂಗಳೂರು ಸೇರಿ, ಉಳಿದ ಅಪ್ಪಯ್ಯ, ಆಯಿ ಇಬ್ಬರೇ ಅಷ್ಟು ದೊಡ್ಡ ಮನೆಯಲ್ಲಿ ಮಳೆಗಾಲ ಕಳೆಯುತ್ತಾರೆ. 2024ರ ಜುಲೈಯಲ್ಲಿ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಣ್ಣು ತೆಗೆಯಲು ಯಂತ್ರ ಬಂದವು. ಮನೆಯವರನ್ನು ಕಳಕೊಂಡವರ ಹತ್ತಿರ ಅವರದೇ ಮಾತಿನಲ್ಲಿ ತಿಂಗಳುಗಟ್ಟಲೆ ಕೂರುವವರು ಇಲ್ಲಿಯವರೇ ಆಗಿರಬೇಕು.

ಭಾಷೆಯ ಈ ಅಗತ್ಯವನ್ನು ನಮ್ಮವರು ಬಹಳ ಹಿಂದೆಯೇ ಕಂಡಿದ್ದರು. 1930ರ ದಶಕದಲ್ಲೇ ವಿ. ವಿ. ಕಾಮತ್ ಅವರು ಫ್ರಾನ್ಸಿನ ಮನಃಶಾಸ್ತ್ರಜ್ಞ ಬಿನೆಯ ಬುದ್ಧಿಮತ್ತೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂದರೆ ಈ ಕ್ಷೇತ್ರದ ಎಲ್ಲರಿಗೂ ಗೊತ್ತು. ಮೈಸೂರಿನಲ್ಲಿ 1924ರಲ್ಲೇ ಎಂ. ವಿ. ಗೋಪಾಲಸ್ವಾಮಿ ಮನಃಶಾಸ್ತ್ರ ವಿಭಾಗ ಕಟ್ಟಿದರು. 1935ರಲ್ಲಿ ಮನೆಯಲ್ಲೇ ಆಕಾಶವಾಣಿ ಎಂಬ ಬಾನುಲಿ ಕೇಂದ್ರ ತೆರೆದವರೂ ಅವರೇ.

ಈ ವರ್ಷ ಸೇರುವವರು ಕಾಲೇಜಿಗೆ ಹೋದಾಗ ಮೂರು ಮಾತು ಕೇಳಿ ಬನ್ನಿ: ಸೈಕಾಲಜಿಗೆ ಕಾಯಂ ಉಪನ್ಯಾಸಕರು ಇದ್ದಾರಾ, ಪ್ರಾಕ್ಟಿಕಲ್ ಲ್ಯಾಬ್ ಇದೆಯಾ, ಮೂರೂ ವರ್ಷ ಆ ವಿಷಯ ಇರುವ ಕಾಂಬಿನೇಷನ್ ಸಿಗುತ್ತದಾ. ಬಿಎಸ್‌ಸಿಯಾದರೆ ಪಿಯುಸಿಯಲ್ಲಿ ಸೈನ್ಸ್ ಬೇಕೇ ಎಂದೂ ಕೇಳಿ. ನನ್ನ ಹಳೆಯ ಪ್ರಾಕ್ಟಿಕಲ್ ರೆಕಾರ್ಡ್ ಇನ್ನೂ ಇದೆ. ಬೇಕಾದವರು ಮೆಸೆಂಜರಿನಲ್ಲಿ ಕೇಳಿ, ಪುಟಗಳ ಫೋಟೋ ಕಳಿಸುತ್ತೇನೆ. ಸೇರುವ ಮುಂಚೆ ಮಗು ಅದನ್ನೊಮ್ಮೆ ತಿರುವಿ ನೋಡಲಿ.