ಸಂಕಕ್ಕೆ ಮಾಡು, ಮಾಡಿಗೆ ಕಾವಲು

"ಎಂತ ಮಾರಾಯ ಇದು, ಸಂಕಕ್ಕೂ ಮಾಡು ಹಾಕಿದಾರೆ!"

ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಹಳ್ಳಿದಾರಿಯಲ್ಲಿ ಕಾರಿನಿಂದ ಇಳಿದ ಕೂಡಲೇ ಅಪ್ಪಯ್ಯ ಆಡಿದ ಮಾತು. ಸಂಕವೆಂದರೆ ನಮ್ಮ ಕಡೆ ಸೇತುವೆ, ಮಾಡು ಎಂದರೆ ಸೂರು. ಎದುರಿಗೆ, ಯಾರೋ ಹೊಳೆಯ ಮೇಲೆ ಮರೆತು ಬಿಟ್ಟುಹೋದ ಕೊಟ್ಟಿಗೆಯಂಥ ಕಟ್ಟಡ. ಎರಡು ಕಡೆ ಹಲಗೆಯ ಗೋಡೆ, ಮೇಲೆ ಇಳಿಜಾರು ಮಾಡು, ಹಿಂದೆ ಮುಂದೆ ಕದವಿಲ್ಲದ ಬಾಗಿಲು. ಒಳಗೆ ಕಾಲಿಟ್ಟರೆ ಹಳೇ ಅಟ್ಟದ ವಾಸನೆ. ಅಪ್ಪಯ್ಯ ಒಂದು ತೊಲೆಯನ್ನು ಬೆರಳಗಂಟಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, "ಗಟ್ಟಿ ಇದೆ" ಎಂದು ಸರ್ಟಿಫಿಕೇಟು ಕೊಟ್ಟರು. ಆಮೇಲೆ ಕತ್ತೆತ್ತಿ ಮಾಡು ನೋಡಿದರು. ಶಿವಮೊಗ್ಗ–ತೀರ್ಥಹಳ್ಳಿ ಕಡೆಯ ಬಸ್ಸುಗಳಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದವರು. ತಲೆ ಮೇಲೆ ಏನೇ ಅಡ್ಡ ಕಂಡರೂ ಅವರಿಗೆ ಮೊದಲು ನೆನಪಾಗುವುದು ಟಾಪಿನ ಮೇಲಿನ ಬಾಳೆಗೊನೆ.

"ಟಾಪಲ್ಲಿ ಲಗೇಜ್ ಇದ್ರೆ ಇದರೊಳಗೆ ಹೋಗೂದಿಲ್ಲ," ಅಂದರು.

ಇಷ್ಟು ಸಣ್ಣ ವಿಷಯ ಅಮೆರಿಕದ ಎಷ್ಟೋ ಲಾರಿ ಚಾಲಕರಿಗೆ ಮಾಡಿಗೆ ಗುದ್ದಿದ ಮೇಲಷ್ಟೇ ಹೊಳೆಯುತ್ತದೆ.

ಮೊದಲು ಮಾಡಿನ ವಿಚಾರ ಮುಗಿಸೋಣ. ನಾವು ಮಲೆನಾಡಿನವರು ಅಡಿಕೆಗೆ ಮಾಡು ಹಾಕುತ್ತೇವೆ, ಸೌದೆಗೆ ಹಾಕುತ್ತೇವೆ, ಅನುಕೂಲಸ್ಥರು ಗೊಬ್ಬರಗುಂಡಿಗೂ ಹಾಕುತ್ತಾರೆ. ಸಂಕಕ್ಕೆ ಹಾಕುವುದು ಮಾತ್ರ ಹೊಳೆದಿರಲಿಲ್ಲ. ನಮ್ಮ ಕಾಲುಸಂಕವೆಂದರೆ ಹಳ್ಳಕ್ಕೆ ಅಡ್ಡ ಹಾಕಿದ ಎರಡು ಮರದ ದಿಮ್ಮಿ ಅಥವಾ ನಾಲ್ಕು ಅಡಿಕೆದಬ್ಬೆ, ಕೈಯಾಸರೆಗೊಂದು ಬಿದಿರು. ಮೇ ತಿಂಗಳಲ್ಲಿ ಕಟ್ಟಿದ್ದು ಆಗಸ್ಟಿನಲ್ಲಿ ಹೋಗುತ್ತದೆ. ಅಲ್ಲಿ ಪಕ್ಕಾ ಸೇತುವೆ ಕಟ್ಟಿಸುತ್ತೇವೆಂಬ ಭರವಸೆ ಮಾತ್ರ ಎಷ್ಟು ಮಳೆಗಾಲ ಕಂಡರೂ ಕೊಳೆಯುವುದಿಲ್ಲ. ಅದಕ್ಕೆ ಯಾರು ಮಾಡು ಹಾಕಿದರೋ.

ಇಲ್ಲಿಯ ಜನ ನಿಜವಾಗಿಯೂ ಹಾಕಿದರು. 1805ರಲ್ಲಿ ಫಿಲಡೆಲ್ಫಿಯಾದಲ್ಲಿ ಸ್ಕೂಲ್‌ಕಿಲ್ ನದಿಗೆ ದೊಡ್ಡ ಮರದ ಸೇತುವೆ ಕಟ್ಟಿದಾಗ, ಸೇತುವೆ ಕಂಪನಿಯ ಮುಖ್ಯಸ್ಥರಾಗಿದ್ದ ನ್ಯಾಯಾಧೀಶ ರಿಚರ್ಡ್ ಪೀಟರ್ಸ್, ಇಷ್ಟು ಖರ್ಚು ಮಾಡಿ ಮಳೆಗೆ ನೆನೆಸುವುದೇಕೆ, ಮುಚ್ಚಿಬಿಡಿ ಎಂದರು. ಲೆಕ್ಕ ಸರಿಯಾಗಿತ್ತು. ಬಯಲಲ್ಲಿ ನಿಂತ ಮರದ ಸೇತುವೆ ಹತ್ತು ಹದಿನೈದು ವರ್ಷಕ್ಕೆ ಲಡ್ಡು ಹಿಡಿಯುತ್ತದೆ. ಸೂರು, ಗೋಡೆ ಇದ್ದರೆ ಅದೇ ತೊಲೆ ನೂರು ವರ್ಷ ದಾಟುತ್ತದೆ. ಮಾಡಿನ ಹಲಗೆ ಹೋದರೆ ಹಲಗೆ ಬದಲಿಸಿದರಾಯಿತು, ತೊಲೆ ಕ್ಷೇಮ. ಕೇಳಿದರೆ ಜನ ಇಷ್ಟು ಸಪ್ಪೆ ಉತ್ತರ ಕೊಡುವುದಿಲ್ಲ. ಕುದುರೆಗಳು ನೀರು ಕಂಡು ಹೆದರಬಾರದೆಂದು ಮುಚ್ಚಿದ್ದಾರೆ ಎನ್ನುತ್ತಾರೆ. ಪ್ರೇಮಿಗಳಿಗೆ ಮರೆ ಇರಲಿ ಎಂದು ಮುಚ್ಚಿದ್ದಾರೆ ಎನ್ನುವವರೂ ಇದ್ದಾರೆ. ಪ್ರೇಮಿಗಳಿಗೋಸ್ಕರ ಊರಿನವರು ಸ್ವಂತ ದುಡ್ಡು ಹಾಕಿ ಸೂರು ಕಟ್ಟಿದ್ದನ್ನು ನಾನಂತೂ ಯಾವ ದೇಶದಲ್ಲೂ ಕೇಳಿಲ್ಲ.

ಹಿಮ ಬೀಳದಿರಲಿ ಎಂದು ಮುಚ್ಚಿದ್ದಾರೆ ಎಂಬ ಮೂರನೇ ಕತೆ ಎಲ್ಲಕ್ಕಿಂತ ಮಜವಾಗಿದೆ. ಏಕೆಂದರೆ ಚಳಿಗಾಲದಲ್ಲಿ ಆಗಿನ ಬಂಡಿಗಳು ಗಾಲಿ ಬಿಟ್ಟು ಜಾರುಪಟ್ಟಿಯ ಮೇಲೆ ಓಡುತ್ತಿದ್ದವು. ಒಣಗಿದ ಹಲಗೆಯ ಮೇಲೆ ಜಾರುಬಂಡಿ ಕದಲುವುದಿಲ್ಲ. ಹಾಗಾಗಿ ಊರಿನವರು ಸಂಬಳ ಕೊಟ್ಟು ಆಳು ಇಟ್ಟು, ಹೊರಗಿನ ಹಿಮವನ್ನು ಸಲಿಕೆಯಲ್ಲಿ ಎತ್ತಿ ಮಾಡಿನ ಕೆಳಗೆ ಹರಡಿಸುತ್ತಿದ್ದರು. ಮೇಲಿನಿಂದ ಬೀಳುವುದನ್ನು ತಡೆಯಲು ಒಂದು ಖರ್ಚು, ತಡೆದದ್ದನ್ನು ಒಳಗೆ ತಂದು ಸುರಿಯಲು ಇನ್ನೊಂದು ಖರ್ಚು. ನಮ್ಮ ಊರುಗಳಲ್ಲಿ ಡಾಂಬರು ಹಾಕಿದ ಮಾರನೇ ವಾರ ಪೈಪಿಗೆಂದು ರಸ್ತೆ ಅಗೆಯುವವರನ್ನು ಇಷ್ಟು ದಿನ ಬೈದೆನಲ್ಲ ಎಂದು ಪಾಪಪ್ರಜ್ಞೆ ಕಾಡಿತು.

ಈ ಸೇತುವೆಗಳಲ್ಲಿ ಕೆಲವಕ್ಕೆ ಪಕ್ಕದಲ್ಲಿ ಜಾಲರಿಯಂತೆ ಹಲಗೆ ಹೆಣೆದಿರುತ್ತಾರೆ. ಇಥಿಯಲ್ ಟೌನ್ ಎಂಬ ವಾಸ್ತುಶಿಲ್ಪಿ 1820ರಲ್ಲಿ ಆ ವಿನ್ಯಾಸಕ್ಕೆ ಪೇಟೆಂಟ್ ಮಾಡಿಸಿಕೊಂಡ. ಕೇಳಿ ಕಟ್ಟಿದರೆ ಅಡಿಗೆ ಒಂದು ಡಾಲರ್, ಕೇಳದೆ ಕಟ್ಟಿ ಸಿಕ್ಕಿಬಿದ್ದರೆ ಅಡಿಗೆ ಎರಡು ಡಾಲರ್ ಎಂಬುದು ಅವನ ದರ ಎಂದು ಹೇಳುತ್ತಾರೆ. "ಟಿಕೆಟ್ ಇಲ್ದವರಿಗೆ ಡಬ್ಬಲ್ ಚಾರ್ಜು. ನಾವೂ ಹಾಗೇ ಮಾಡ್ತಿದ್ವಿ," ಎಂದು ಅಪ್ಪಯ್ಯ ಆ ಇಥಿಯಲ್ಲನನ್ನು ತಮ್ಮ ಇಲಾಖೆಗೆ ಸೇರಿಸಿಕೊಂಡರು.

ಮರುದಿನ ವಿಂಡ್ಸರ್ ಊರಿನ ಹತ್ತಿರ ಕನೆಕ್ಟಿಕಟ್ ನದಿಯ ಮೇಲಿನ ದೊಡ್ಡ ಸೇತುವೆಗೆ ಹೋದೆವು. 1866ರದ್ದು, 449 ಅಡಿ ಉದ್ದ. ಅದಕ್ಕೂ ಮುಂಚೆ ಅದೇ ಜಾಗದಲ್ಲಿ ಮೂರು ಸೇತುವೆಗಳನ್ನು ನದಿ ನುಂಗಿತ್ತು. ಬಾಗಿಲ ಮೇಲೆ ಹಳೇ ಬೋರ್ಡು ಹಾಗೇ ಇದೆ: ಕುದುರೆಯನ್ನು ನಡೆಸಿಕೊಂಡು ಹೋಗಿ, ತಪ್ಪಿದರೆ ಎರಡು ಡಾಲರ್ ದಂಡ. ಸೇತುವೆಯ ಈ ತುದಿ ವರ್ಮಾಂಟ್, ಆ ತುದಿ ನ್ಯೂ ಹ್ಯಾಂಪ್‌ಶೈರ್. ನಡುವೆ ಗಡಿ ಎಂದುಕೊಂಡರೆ ತಪ್ಪು. 1764ರಲ್ಲಿ ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್ ನದಿಯ ಪಡುವಣ ದಡವೇ ಗಡಿ ಎಂದು ಬರೆದುಬಿಟ್ಟಿದ್ದ. ರಾಜನನ್ನು ಓಡಿಸಿ, ಸ್ವಾತಂತ್ರ್ಯ ಗಳಿಸಿ, ನೂರೈವತ್ತು ವರ್ಷ ಕಳೆದ ಮೇಲೂ ಎರಡು ರಾಜ್ಯಗಳು ಇದಕ್ಕೆ ವ್ಯಾಜ್ಯ ಆಡಿದವು. 1933ರಲ್ಲಿ ಸುಪ್ರೀಂ ಕೋರ್ಟು ರಾಜನ ಮಾತನ್ನೇ ಎತ್ತಿಹಿಡಿಯಿತು. ಹೀಗಾಗಿ ನೀರು ಪೂರ್ತಿ ನ್ಯೂ ಹ್ಯಾಂಪ್‌ಶೈರಿನದು, ಸೇತುವೆಯೂ ಬಹುತೇಕ ಅವರದೇ. ವರ್ಮಾಂಟಿನವರ ಪಾಲಿಗೆ ಬಂದದ್ದು ನೋಟ. ಕಾವೇರಿಯನ್ನು ನೋಡಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ನೂರಕ್ಕೂ ಹೆಚ್ಚು ಸೇತುವೆಗಳು ವರ್ಮಾಂಟಿನಲ್ಲಿ ಇನ್ನೂ ಇವೆ. 2011ರ ಆಗಸ್ಟಿನಲ್ಲಿ ಐರೀನ್ ಚಂಡಮಾರುತದ ಮಳೆ ಬಂದಾಗ ಬಾರ್ಟನ್ಸ್‌ವಿಲ್ ಎಂಬಲ್ಲಿ 1870ರ ಸೇತುವೆ ಇಡೀ ಮನೆ ಮಗುಚಿದಂತೆ ಮಾಡಿನ ಸಮೇತ ಹೊಳೆಗೆ ಬಿತ್ತು. ಜನ ಅತ್ತರು. ಅದೇ ನಮೂನೆಯಲ್ಲಿ ಮರದಲ್ಲೇ ಮತ್ತೆ ಕಟ್ಟಿ 2013ರಲ್ಲಿ ತೆರೆದರು. ಹೊಳೆಯ ಮೇಲೆ ಯಾರಿಗೂ ಸಿಟ್ಟಿಲ್ಲ. ಹೊಳೆಗೆ ಬೋರ್ಡು ಓದಲು ಬರುವುದಿಲ್ಲ, ಲೈಸೆನ್ಸೂ ಇಲ್ಲ.

ಲಿಂಡನ್ ಊರಿಗೆ ಬನ್ನಿ. ವರ್ಮಾಂಟಿನ ಈಶಾನ್ಯ ಮೂಲೆ. ಒಂದೇ ಊರಲ್ಲಿ ಐದು ಮಾಡಿನ ಸೇತುವೆ. ಅದರಲ್ಲಿ ಮಿಲ್ಲರ್ಸ್ ರನ್ ಎಂಬ ಹೊಳೆಯ ಮೇಲಿನದು 1878ರದ್ದು, 1995ರಲ್ಲಿ ಮತ್ತೆ ಕಟ್ಟಿದ್ದು. ಕುದುರೆ, ಹುಲ್ಲಿನ ಬಂಡಿ, ಹೆಪ್ಪುಗಟ್ಟಿದ ಹೊಳೆ, ಎಲ್ಲದರ ಜೊತೆ ಬಾಳಿದ ಜಾಗ ಅದು. ಈಗ ಡಬ್ಬಾ ಲಾರಿಗಳ ಜೊತೆ ಏಗುತ್ತಿದೆ. ಒಂದು ಬಂದು ಮಾಡಿನ ಅಂಚಿಗೆ ಗುದ್ದುತ್ತದೆ, ಊರಿನವರು ರಿಪೇರಿ ಮಾಡುತ್ತಾರೆ, ಬಣ್ಣ ಒಣಗುವಷ್ಟರಲ್ಲಿ ಇನ್ನೊಂದು ಬರುತ್ತದೆ. ಎತ್ತರ ಇಷ್ಟೇ ಎಂದು ಬೋರ್ಡು ಇದೆ. ಬೋರ್ಡು ಬೇಡ, ಮಾಡೇ ಇದೆಯಲ್ಲ! ಹಗಲು ಹೊತ್ತಿನಲ್ಲಿ, ಮನೆಯಷ್ಟು ದೊಡ್ಡದಾಗಿ, ರಸ್ತೆ ನಡುವೆ. ಕೇಳಿದರೆ ಚಾಲಕರದು ಒಂದೇ ಉತ್ತರ: ಜಿಪಿಎಸ್ ಈ ಕಡೆ ಹೋಗು ಅಂತು.

ಇದರ ಗುಟ್ಟು ಲಾರಿಯ ಆಕಾರದಲ್ಲಿದೆ. ಮನೆ ಖಾಲಿ ಮಾಡಲು ಬಾಡಿಗೆಗೆ ಸಿಗುವ ಡಬ್ಬಾ ಲಾರಿಗೆ ಬೇರೆ ಲೈಸೆನ್ಸು ಬೇಡ. ಕಾರು ಓಡಿಸುವವನೇ ಹತ್ತಿ ಕೂರುತ್ತಾನೆ. ಕೂತ ಜಾಗದ ಸೂರು ತಗ್ಗು, ಬೆನ್ನ ಹಿಂದಿನ ಡಬ್ಬ ಎತ್ತರ. ಫೋನಿನೊಳಗಿನ ಅಕ್ಕನಿಗೆ ಇವನು ಕಾರಿನಲ್ಲಿ ಹೋಗುತ್ತಿದ್ದಾನೋ ಸೋಫಾಸೆಟ್ಟು ತುಂಬಿದ ಲಾರಿಯಲ್ಲೋ ಗೊತ್ತಿಲ್ಲ. ಅವಳು ಹತ್ತಿರದ ದಾರಿ ಹೇಳುತ್ತಾಳೆ. ಇವನ ತಲೆ ಆರಾಮಾಗಿ ಮಾಡಿನ ಕೆಳಗೆ ನುಗ್ಗುತ್ತದೆ. ಎರಡನೇ ಕ್ಷಣಕ್ಕೆ ಹಿಂದಿನಿಂದ ಢಬ್! ಹೆಂಡತಿ ಪಕ್ಕದಲ್ಲಿ ಕೂತು ಹತ್ತು ಸಲ "ನೋಡಿ ಹೋಗಿ" ಎಂದರೂ ಕೇಳದ ಗಂಡಸು, ಮುಖ ಕಾಣದ ಒಬ್ಬಳು ಇಂಗ್ಲಿಷಿನಲ್ಲಿ "ನೇರ ಹೋಗು" ಎಂದರೆ ನೂರೈವತ್ತು ವರ್ಷದ ಚರಿತ್ರೆಯ ಒಳಗೇ ನುಗ್ಗಿಬಿಡುತ್ತಾನೆ.

ಬೇಸತ್ತ ಊರಿನಲ್ಲಿ, ಸೇತುವೆಗಿಂತ ಮುಂಚೆಯೇ ಉಕ್ಕಿನ ಅಡ್ಡಗಂಬ ನಿಲ್ಲಿಸುವ ಮಾತು ಬಂತು. ನಮ್ಮ ರೈಲ್ವೆ ಗೇಟುಗಳ ಹೈಟ್ ಗೇಜ್ ಇದೆಯಲ್ಲ, ಅದೇ. ಗುದ್ದುವವರು ಗುದ್ದದೇ ಇರುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಗುದ್ದಲಿಕ್ಕೆಂದೇ ಒಂದು ಪ್ರತ್ಯೇಕ ವ್ಯವಸ್ಥೆ. ಮರಕ್ಕೆ ಮಳೆ ತಾಗದಿರಲೆಂದು ಮಾಡು, ಮಾಡಿಗೆ ಲಾರಿ ತಾಗದಿರಲೆಂದು ಕಂಬ. ನನ್ನದೂ ಒಂದು ಸಲಹೆ ಇತ್ತು: ಇಥಿಯಲ್ ಟೌನನ ದರಪಟ್ಟಿಯನ್ನೇ ಮತ್ತೆ ಜಾರಿಗೆ ತನ್ನಿ. ಇಳಿದು, ಕತ್ತೆತ್ತಿ ನೋಡಿ, ತಿರುಗಿ ಹೋದವರಿಗೆ ಚಹಾ ಉಚಿತ. ನೋಡದೆ ನುಗ್ಗಿದವರಿಗೆ ಲಾರಿಯ ಅಡಿ ಲೆಕ್ಕದಲ್ಲಿ, ಡಬ್ಬಲ್.

ಇಷ್ಟನ್ನೂ ನೋಡಿಕೊಂಡು ಶಿಕಾಗೊ ಕಡೆಯ ನಮ್ಮ ಮನೆಗೆ ವಾಪಸು ಬಂದರೆ, ಇಪ್ಪತ್ತು ನಿಮಿಷ ದೂರದ ಲಾಂಗ್ ಗ್ರೋವ್‌ನಲ್ಲಿ ಇದೇ ನಾಟಕದ ಇನ್ನೂ ದೊಡ್ಡ ಕಂಪನಿ ಬಿಡಾರ ಹೂಡಿದೆ. ಹಳ್ಳದ ಹೆಸರು ಬಫೆಲೋ ಕ್ರೀಕ್, ನಮ್ಮ ಬಾಯಲ್ಲಿ ಎಮ್ಮೆಹಳ್ಳ. ಸೇತುವೆಯ ಹೆಸರು ರಾಬರ್ಟ್ ಪಾರ್ಕರ್ ಕಾಫಿನ್, ಊರಿಗೆ ಬೇಕಾದವರೊಬ್ಬರ ನೆನಪಿಗೆ ಇಟ್ಟದ್ದು. ಕಾಫಿನ್ ಎಂದರೆ ಶವಪೆಟ್ಟಿಗೆ ಎಂಬುದು ಲಾರಿಗಳಿಗೆ ಸೂಚನೆಯಾಗಬೇಕಿತ್ತು, ಆಗಲಿಲ್ಲ. ಸೇತುವೆ 1906ರದ್ದು, ಲೋಹದ್ದು. ಲೋಹದ ಸೇತುವೆಗೆ ಮಾಡು ಬೇಕಿಲ್ಲ; ಅರವತ್ತಾರು ವರ್ಷ ಅದು ಮಾಡಿಲ್ಲದೆ ನೆಮ್ಮದಿಯಾಗಿತ್ತು. 1972ರಲ್ಲಿ ಊರಿಗೆ ಹಳೇ ಕಾಲದ ಕಳೆ ಬರಲಿ ಎಂದು ಮರದ ಮಾಡು ಕಟ್ಟಿದರು. ಅಂದರೆ ಈ ಮಾಡು ಮಳೆಯಿಂದ ಯಾವ ಮರದ ತೊಲೆಯನ್ನೂ ಕಾಯುತ್ತಿಲ್ಲ. ಮದುವೆಮನೆಯ ಗಂಡಿನ ಪೇಟದ ಹಾಗೆ, ಫೋಟೋಕ್ಕೆ.

ಎತ್ತರ ಎಂಟೂವರೆ ಅಡಿ. 2018ರ ಬೇಸಿಗೆಯಲ್ಲಿ ಸೇತುವೆಯ ಹೆಸರು ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿತು. ಹಾಕಿದ ಹಾರ ಬಾಡಿರಲಿಲ್ಲ, ಅದೇ ಬೇಸಿಗೆಯಲ್ಲಿ ಒಂದು ಲಾರಿ ಬಂದು ಮಾಡನ್ನು ಪುಡಿ ಮಾಡಿತು. ಎರಡು ವರ್ಷ ಮುಚ್ಚಿ, ಈ ಸಲ ಮರದ ಹಲಗೆಯ ಒಳಗೆ ಉಕ್ಕಿನ ಚೌಕಟ್ಟು ಅಡಗಿಸಿ ಕಟ್ಟಿದರು. 2020ರ ಆಗಸ್ಟಿನಲ್ಲಿ ರಿಬ್ಬನ್ ಕತ್ತರಿಸಿದರು. ಮರುದಿನ ಒಂದು ಬಸ್ ಬಂದು ಗುದ್ದಿತು. ಆವತ್ತಿನಿಂದ ಹತ್ತಾರು ಗಾಡಿಗಳು ಬಂದು ತಲೆ ಚಚ್ಚಿಕೊಂಡಿವೆ. ಒಳಗೆ ಉಕ್ಕಿರುವುದರಿಂದ ಮಾಡಿಗೆ ಗೀರು, ಲಾರಿಯ ಟಾಪು ಸಾರ್ಡೀನ್ ಡಬ್ಬಿ ತೆರೆದಂತೆ ಸುರುಳಿ. ಊರಿನವರಿಗೆ ಮೊದಮೊದಲು ಬೇಸರವಾಗುತ್ತಿತ್ತು. ಈಗ ಲೆಕ್ಕ ಇಡುತ್ತಾರೆ, ವಿಡಿಯೋ ಹಾಕುತ್ತಾರೆ, ಸೇತುವೆ ಮತ್ತೆ ಗೆದ್ದಿತೆಂದು ಶಿಳ್ಳೆ ಹೊಡೆಯುತ್ತಾರೆ. ಹಳೇ ಕಾಲದ ಕಳೆಗೆಂದು ಕಟ್ಟಿದ ಮಾಡನ್ನು ನೋಡಲು ಬರುವವರಷ್ಟೇ ಜನ, ಅದಕ್ಕೆ ಯಾರು ಸಿಕ್ಕಿಬೀಳುತ್ತಾರೆ ಎಂದು ನೋಡಲು ಬರುತ್ತಾರೋ ಏನೋ.

ಅಪ್ಪಯ್ಯನನ್ನು ಕರೆದುಕೊಂಡು ಒಂದು ಶನಿವಾರ ಹೋದೆ. ಅವರು ಪಕ್ಕದ ಬೆಂಚಿನಲ್ಲಿ ಕೂತು ಐಸ್‌ಕ್ರೀಮು ತಿನ್ನುತ್ತಿದ್ದರು. ಅಷ್ಟರಲ್ಲಿ ಬಿಳಿ ಡಬ್ಬಾ ಲಾರಿಯೊಂದು ರಸ್ತೆಗೆ ತಿರುಗಿತು. ಚಾಲಕನ ಕಣ್ಣು ಫೋನಿನಲ್ಲಿ. ಬೋರ್ಡು ದಾಟಿದ. ನಾನು ಸಹಜವಾಗಿ ವಿಡಿಯೋ ಮಾಡಲು ಫೋನು ತೆಗೆದೆ. ಅಪ್ಪಯ್ಯ ಐಸ್‌ಕ್ರೀಮು ನನ್ನ ಕೈಗಿಟ್ಟು, ಎದ್ದು, ಎರಡು ಬೆರಳು ಬಾಯಿಗಿಟ್ಟು ಒಂದು ವಿಸಿಲ್ ಹಾಕಿದರು ನೋಡಿ! ಆಗುಂಬೆ ಘಾಟಿಯಲ್ಲಿ ಮೂವತ್ತು ವರ್ಷ ಕೇಳಿದ ವಿಸಿಲ್ಲು. ಲಾರಿ ಗಕ್ಕನೆ ನಿಂತಿತು. ಮಾಡಿಗೂ ಡಬ್ಬಕ್ಕೂ ನಡುವೆ ಒಂದು ಮಾರು.

"ಹೋಲ್ಡಾನ್!" ಎನ್ನುತ್ತಾ ಅಪ್ಪಯ್ಯ ಹೋಗಿ ಲಾರಿಯ ಬದಿ ತಟ್ಟಿದರು. ಹುಡುಗ ಕಿಟಕಿ ಇಳಿಸಿದ, ಫೋನು ತೋರಿಸಿದ. ಅಪ್ಪಯ್ಯ ಮಾಡು ತೋರಿಸಿದರು. ಅವನು ಮತ್ತೆ ಫೋನು ತೋರಿಸಿದ. ಅಪ್ಪಯ್ಯ ಅವನನ್ನು ಇಳಿಸಿ, ಹೆಗಲು ಹಿಡಿದು ಹಿಂದಕ್ಕೆ ಕರೆದೊಯ್ದು, ಮೊದಲು ಡಬ್ಬದ ನೆತ್ತಿ, ಆಮೇಲೆ ಸೇತುವೆಯ ಹಣೆ ತೋರಿಸಿದರು. ಹುಡುಗನ ಮುಖ ಬಿಳಿಚಿತು. ಹಿಂದೆ ಏಳೆಂಟು ಕಾರು ನಿಂತಿದ್ದವು. ಅವನ್ನೆಲ್ಲ ಕೈ ಸನ್ನೆಯಲ್ಲೇ ಬದಿಗೆ ಸರಿಸಿ, ಅಪ್ಪಯ್ಯ ಲಾರಿಯ ಹಿಂದೆ ನಿಂತು "ಬರ್ಲಿ, ಬರ್ಲಿ, ಬರ್ಲಿ... ಸ್ವಲ್ಪ ರೈಟು... ಬರ್ಲಿ" ಎಂದು ರಿವರ್ಸ್ ತೆಗೆಸಿದರು. ಕನ್ನಡದಲ್ಲೇ. ಅವನಿಗೂ ಪೂರ್ತಿ ಅರ್ಥವಾಯಿತು. ನೋಡುತ್ತಿದ್ದವರಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು, ಉಳಿದವರಿಗೆ ವಿಡಿಯೋ ತಪ್ಪಿತಲ್ಲ ಎಂಬ ನಿರಾಸೆ. ನನಗೂ ಸ್ವಲ್ಪ ಆಗಿತ್ತು, ಸುಳ್ಳು ಹೇಳಲಾರೆ.

ಕರಗಿದ ಐಸ್‌ಕ್ರೀಮನ್ನು ಅಪ್ಪಯ್ಯ ತಿಂದು ಮುಗಿಸಿದರು. ಹತ್ತು ನಿಮಿಷವಾಗಿರಬೇಕು. ಸೇತುವೆಯ ಆಚೆ ಬಾಗಿಲಲ್ಲಿ ಬೆಳಕಿಗೆ ಏನೋ ಅಡ್ಡ ಬಂತು. ಅದೇ ಬಿಳಿ ಲಾರಿ. ಫೋನಿನೊಳಗಿನ ಅಕ್ಕ ಅವನನ್ನು ಊರು ಸುತ್ತಿಸಿ ಆ ಕಡೆಯಿಂದ ಕರೆತಂದಿದ್ದಳು.

ಅಪ್ಪಯ್ಯ ಕೈ ಒರೆಸಿಕೊಂಡು ಎದ್ದು, ಮಾಡಿನ ಕೆಳಗಿನಿಂದಲೇ ಕೂಗಿದರು:

"ಆ ಬದಿಯಿಂದ್ಲೂ ಅಷ್ಟೇ ಎತ್ತರ ಮಾರಾಯ!"