ನಮ್ಮೂರ ನೀರು ಎನ್‌ಡಿ

ನಮ್ಮೂರ ಓವರ್‌ಹೆಡ್ ಟ್ಯಾಂಕಿನ ಕಂಬದ ಮೇಲೆ ನೀಲಿ ಪೇಂಟಿನಲ್ಲಿ ಎರಡು ಸಾಲು ಬರೆಸಿದ್ದಾರೆ. ‘ಸ್ವಚ್ಛಗೊಳಿಸಿದ ದಿನಾಂಕ’ ಅಂತ ಒಂದು, ‘ಮುಂದೆ ಸ್ವಚ್ಛಗೊಳಿಸುವ ದಿನಾಂಕ’ ಅಂತ ಇನ್ನೊಂದು. ಮೊದಲು ಅದರ ಮುಂದೆ ಸೀಮೆಸುಣ್ಣದಲ್ಲಿ ತಾರೀಖು ಹಾಕುತ್ತಿದ್ದರು, ಮಳೆ ಬಂದರೆ ಅಳಿಸಿಹೋಗುತ್ತಿತ್ತು. ಜನ ದೂರು ಕೊಟ್ಟರು. ಈಗ ಆ ತೊಂದರೆ ಇಲ್ಲ. ಹಾಕುವುದನ್ನೇ ನಿಲ್ಲಿಸಿದ್ದಾರೆ.

ಟ್ಯಾಂಕಿನ ಯಜಮಾನ ನಮ್ಮ ನೀರುಗಂಟಿ. ಬ್ಲೀಚಿಂಗ್ ಪೌಡರ್ ಕಲಸಿದ ಬಕೆಟ್ ಹಿಡಿದು ಏಣಿ ಹತ್ತುವವನು ಅವನೊಬ್ಬನೇ. ಒಮ್ಮೆ ತಡೆದು ಕೇಳಿದೆ, ಎಷ್ಟು ಹಾಕ್ತೀಯಪ್ಪ ಅಂತ. “ಹೊಸ ಮೂಟೆ ಆದ್ರೆ ಒಂದು ಬೊಗಸೆ, ಹಳೇದಾದ್ರೆ ಎರಡು, ಸಾಹೇಬ್ರು ಬರೋ ದಿನ ಮೂರು” ಅಂದ. ನಗಬೇಡಿ, ಇದರಲ್ಲಿ ವಿಜ್ಞಾನವಿದೆ. ಬಾಯಿ ಬಿಚ್ಚಿಟ್ಟ ಮೂಟೆಯಲ್ಲಿ ಕ್ಲೋರಿನ್ ದಿನದಿನಕ್ಕೆ ಇಳಿದು ಕೊನೆಗೆ ಬರೀ ಸುಣ್ಣ ಉಳಿಯುತ್ತದೆ ಅನ್ನುವುದು ಅವನಿಗೆ ಗೊತ್ತು. ಸಾಹೇಬರು ಕ್ಲೋರೋಸ್ಕೋಪ್ ತೆಗೆದು, ನಳಿಗೆಗೆ ನೀರು ಹಿಡಿದು, ಔಷಧಿ ಹನಿ ಬಿಟ್ಟು, ಹಳದಿ ಬಂತೇ ಅಂತ ನೋಡುತ್ತಾರೆ ಅನ್ನುವುದೂ ಗೊತ್ತು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತದೆ ನಿಯಮ. ಸಾಹೇಬರು ಬಂದ ದಿನ ನಮ್ಮೂರ ನೀರು ಅರಿಸಿನ ಹಚ್ಚಿದ ಮದುಮಗಳು. ಅವತ್ತು ಕಾಫಿ ಕುಡಿದವರಿಗೆ ಈಜುಕೊಳಕ್ಕೆ ಬಿದ್ದ ಅನುಭವ, ಬಿಟ್ಟಿ.

ಹಾಗಂತ ಕ್ಲೋರಿನ್ನೇ ಬೇಡ ಅಂದೀರಿ, ಹುಷಾರು. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಸತ್ತಿದ್ದಾರೆ. ನನ್ನ ತಕರಾರು ಬೊಗಸೆಯ ಮೇಲಲ್ಲ, ಬೊಗಸೆ ಹೋಗಿ ಬೀಳುವ ಜಾಗದ ಮೇಲೆ. ನಮ್ಮದು ಕೆರೆ ನೀರು. ಏರಿಯ ಮೇಲಿನ ಹೊಂಗೆ, ಹುಣಸೆ ಎಲೆಗಳು ವರ್ಷವಿಡೀ ಅದರಲ್ಲಿ ಕೊಳೆಯುತ್ತವೆ. ಮಳೆಗಾಲದಲ್ಲಿ ನಲ್ಲಿ ತಿರುಗಿಸಿದರೆ ಎರಡನೇ ಡಿಕಾಕ್ಷನ್ ಬರುತ್ತದೆ. ಎಲೆ ಕೊಳೆತ ಆ ರಸದ ಜೊತೆ ಕ್ಲೋರಿನ್ ಕೂಡಿದರೆ ಹುಟ್ಟುವ ಸಂತಾನಕ್ಕೆ ಟ್ರೈಹ್ಯಾಲೋಮೀಥೇನ್ ಅಂತ ಹೆಸರು. ನಾಲ್ಕು ಜನ ಅಣ್ಣತಮ್ಮಂದಿರು. ಹಿರಿಯಣ್ಣ ಕ್ಲೋರೋಫಾರ್ಮ್. ಹೌದು, ಹಳೇ ಸಿನಿಮಾಗಳಲ್ಲಿ ಖಳನಾಯಕ ಕರ್ಚೀಫಿಗೆ ಸುರಿದು ನಾಯಕಿಯ ಮೂಗಿಗೆ ಒತ್ತುತ್ತಿದ್ದನಲ್ಲ, ಅದೇ. ನಲ್ಲಿಯಲ್ಲಿ ಬರುವ ಪ್ರಮಾಣಕ್ಕೆ ಯಾರೂ ಮೂರ್ಛೆ ಹೋಗುವುದಿಲ್ಲ. ಆದರೆ ಇಂಥ ನೀರನ್ನು ದಶಕಗಟ್ಟಲೆ ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಾಣುತ್ತದೆ ಅಂತ ಹಲವು ಅಧ್ಯಯನಗಳು ಹೇಳಿವೆ.

ಇದನ್ನು ಮೊದಲು ಪತ್ತೆ ಹಚ್ಚಿದವರಲ್ಲೊಬ್ಬ ರಾಟರ್‌ಡ್ಯಾಮಿನ ನೀರು ಸರಬರಾಜಿನಲ್ಲಿದ್ದ ಯೋಹಾನ್ಸ್ ರೂಕ್. 1974ರ ಮಾತು. ಆಸಾಮಿ ಮೊದಲು ಬಿಯರ್ ತಯಾರಿಕೆಯಲ್ಲಿದ್ದವನು. ಬಿಯರಿನ ಪರಿಮಳ ಅಳೆಯುವ ಉಪಾಯದಿಂದಲೇ ನೀರನ್ನು ಮೂಸಿದ. ನಮ್ಮಲ್ಲೂ ಬಿಯರಿಗೆ ಕೊರತೆಯಿಲ್ಲ, ಮೂಸುವವರಿಗೂ ಕೊರತೆಯಿಲ್ಲ. ಯಾಕೋ ನೀರಿನ ಕಡೆ ಯಾರ ಮೂಗೂ ತಿರುಗಲಿಲ್ಲ.

ಕಾನೂನಿಗಂತೂ ಬರವಿಲ್ಲ. ಐಎಸ್ 10500 ಎಂಬ ಕುಡಿಯುವ ನೀರಿನ ಮಾನಕದ 2012ರ ಆವೃತ್ತಿಯಲ್ಲಿ ಈ ನಾಲ್ವರ ಹೆಸರೂ ಇದೆ. ಲೀಟರಿಗೆ ಕ್ಲೋರೋಫಾರ್ಮ್ 0.2 ಮಿಲಿಗ್ರಾಂ ಮೀರಬಾರದು, ಬ್ರೋಮೋಡೈಕ್ಲೋರೋಮೀಥೇನ್ 0.06, ಉಳಿದಿಬ್ಬರು ತಲಾ 0.1. ಅಮೆರಿಕದಲ್ಲಿ ನಾಲ್ವರೂ ಸೇರಿ 0.08 ದಾಟುವಂತಿಲ್ಲ. ನಮ್ಮ ಹೊಟ್ಟೆ ಗಟ್ಟಿ, ಇರಲಿ. ಆದರೆ ಅಳೆಯಬೇಕಲ್ಲ? ಪಂಚಾಯಿತಿಯ ಕಿಟ್ಟಿನಲ್ಲಿ ಗಡಸುತನ, ಫ್ಲೋರೈಡು, ನೈಟ್ರೇಟು, ಕಬ್ಬಿಣ ನೋಡಬಹುದು. ಇದಕ್ಕೆ ಗ್ಯಾಸ್ ಕ್ರೊಮಾಟೋಗ್ರಾಫ್ ಎಂಬ ದೊಡ್ಡ ಯಂತ್ರವೇ ಬೇಕು.

ಅರ್ಜಿ ಬರೆದುಕೊಂಡು ಹೋದೆ. ಗುಮಾಸ್ತರು ಕನ್ನಡಕ ಏರಿಸಿ ಓದಿದರು. “ಟ್ರೈ... ಹಾಲೋ... ಹಾಲಿಂದಾ? ಡೇರಿ ಹಿಂದಿನ ಬೀದಿ ಸಾರ್.” ನೀರಿಂದು ಅಂದೆ. “ನೀರಲ್ಲಿ ಹಾಲು ಇದ್ರೆ ಒಳ್ಳೇದೇ ಅಲ್ವಾ? ಹಾಲಲ್ಲಿ ನೀರಿದ್ರೆ ತಾನೆ ಕಂಪ್ಲೇಂಟು?” ಅಂದರು. ಅವರು ತಮಾಷೆ ಮಾಡುತ್ತಿರಲಿಲ್ಲ ಅನ್ನುವುದು ನನಗೆ ಮನೆ ಸೇರಿದ ಮೇಲೆ ಹೊಳೆಯಿತು.

ಮೂರು ಸಲ ಅಲೆದ ಮೇಲೆ ಸ್ಯಾಂಪಲ್ ತೆಗೆಯಲು ಅಪ್ಪಣೆಯಾಯಿತು. ನಾನೂ ಹೋದೆ, ನೋಡಬೇಕಿತ್ತಲ್ಲ. ಶಾಸ್ತ್ರ ಹೇಳುವುದು ಹೀಗೆ: ಕಂದುಗಾಜಿನ ಪುಟ್ಟ ಸೀಸೆ, ಕ್ಲೋರಿನ್ನಿನ ಆಟ ಅಲ್ಲಿಗೇ ನಿಲ್ಲಲು ಚಿಟಿಕೆ ಥಯೋಸಲ್ಫೇಟ್, ಕಂಠದವರೆಗೆ ನೀರು, ಬೋರಲು ಹಾಕಿದರೆ ಒಂದು ಗಾಳಿಗುಳ್ಳೆಯೂ ಏಳಬಾರದು, ಐಸಿನಲ್ಲಿಟ್ಟು ಸಾಗಿಸಬೇಕು. ಯಾಕೆಂದರೆ ಈ ಅಣ್ಣತಮ್ಮಂದಿರು ಹಾರುವ ಜಾತಿ, ಸ್ವಲ್ಪ ಜಾಗ ಸಿಕ್ಕರೆ ನೀರು ಬಿಟ್ಟು ಗಾಳಿಗೆ ಜಿಗಿಯುತ್ತಾರೆ. ನನ್ನ ಅತ್ತೆ ನೀರನ್ನು ಮುಚ್ಚಳ ತೆಗೆದು ಕೊತಕೊತ ಕುದಿಸಿ ಆರಿಸಿ ಕುಡಿಯುತ್ತಾರೆ; ಕ್ಲೋರೋಫಾರ್ಮ್ ಬಹುಪಾಲು ಅಡುಗೆಮನೆ ಕಿಟಕಿಯಿಂದ ಆಚೆ ಹೋಗಿರುತ್ತದೆ. ಅವರು ಯಾವ ಮಾನಕವನ್ನೂ ಓದಿದವರಲ್ಲ.

ನಮ್ಮ ನೀರುಗಂಟಿ ತಂದದ್ದು ಒಂದು ಲೀಟರಿನ ಹಳೇ ಕೂಲ್‌ಡ್ರಿಂಕ್ಸ್ ಬಾಟಲಿ. ಒಳಗಿನ ಕಿತ್ತಳೆ ಬಣ್ಣ ಹೋಗುವವರೆಗೆ ಗಲಬರಿಸಿದ. ಫಿಲ್ಟರ್ ಹೌಸಿನ ಮುಂದಿನ ನಲ್ಲಿಯಲ್ಲೇ ಮುಕ್ಕಾಲು ಹಿಡಿದ. ಪೈಪಿನಲ್ಲಿ ಹೊತ್ತು ಕಳೆದಷ್ಟೂ ಈ ಸರಕು ಹೆಚ್ಚುತ್ತದೆ, ಕೊನೇ ಬೀದಿಯ ನಮ್ಮನೆ ನಲ್ಲಿಯಲ್ಲಿ ಹಿಡಿ ಅಂದೆ. “ಇಲ್ಲೇ ಚೆನ್ನಾಗಿ ಬರ್ತದೆ ಸಾ” ಅಂದ. ಏನು, ನೀರಾ? “ರಿಪೋರ್ಟು.” ಬಾಟಲಿಗೆ ಒಂದು ಚೀಟಿ ಅಂಟಿಸಿ, ಪೆನ್ನಿನಲ್ಲಿ ಏನೋ ಗೀಚಿ, ಬೈಕಿನ ಹ್ಯಾಂಡಲ್ಲಿಗೆ ನೇತುಹಾಕಿದ. ಅಲ್ಲಿಂದ ಅದು ತಾಲ್ಲೂಕಿಗೆ ಹೋಗಿ, ಎರಡು ದಿನ ಕಿಟಕಿಯ ಬಿಸಿಲು ಕಾಯಿಸಿಕೊಂಡು, ಕೆಂಪು ಬಸ್ಸಿನ ಡ್ರೈವರ್ ಪಕ್ಕ ಕೂತು ಜಿಲ್ಲೆಗೆ ಹೋಯಿತು.

ಒಂದೂವರೆ ತಿಂಗಳಿಗೆ ವರದಿ ಬಂತು. ನಾಲ್ಕೂ ಅಣ್ಣತಮ್ಮಂದಿರ ಮುಂದೆ ಎರಡೆರಡೇ ಅಕ್ಷರ: ಎನ್‌ಡಿ, ಎನ್‌ಡಿ, ಎನ್‌ಡಿ, ಎನ್‌ಡಿ.

ನಮ್ಮ ಕಚೇರಿಯ ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. “ನಾಟ್ ಡಿಟೆಕ್ಟೆಡ್! ಪತ್ತೆಯಾಗಿಲ್ಲ ಅಂತ. ಈಗ ಸಮಾಧಾನವಾ?” ಸಂಜೆಯೊಳಗೆ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎದ್ದಿತು. ‘ರಾಸಾಯನಿಕ ಮುಕ್ತ ನೀರು ನೀಡಿದ ನಮ್ಮ ನಾಯಕರಿಗೆ ಹೃತ್ಪೂರ್ವಕ ಅಭಿನಂದನೆಗಳು’, ಸುತ್ತ ಹದಿನಾಲ್ಕು ಪಾಸ್‌ಪೋರ್ಟ್ ಸೈಜಿನ ಮುಖಗಳು. ನೀರು ಕುಡಿಯುತ್ತಿರುವ ಫೋಟೋದಲ್ಲಿ ನಾಯಕರ ಕೈಯಲ್ಲಿದ್ದದ್ದು ಸೀಲ್ ಮಾಡಿದ ಬಾಟಲಿ.

ನನಗೆ ನಿದ್ದೆ ಬರಲಿಲ್ಲ. ಪ್ರಯೋಗಾಲಯಕ್ಕೆ ಫೋನ್ ಮಾಡಿದೆ. ಆ ಕಡೆಯ ದನಿ ಬಹಳ ಮೃದು. “ಎನ್‌ಡಿ ಅಂದ್ರೆ ನಾಟ್ ಡನ್ ಸಾರ್. ಟೆಸ್ಟ್ ಮಾಡಿಲ್ಲ. ಮಿಷನ್ನಿಗೆ ಗ್ಯಾಸ್ ಖಾಲಿ, ಇಂಡೆಂಟ್ ಹಾಕಿದೀವಿ.” ಮತ್ತೆ ಕಚೇರಿಗೆ ಓಡಿದೆ. ಸಾಹೇಬರು ಒಂದಿಷ್ಟೂ ಅಳುಕಲಿಲ್ಲ. “ಮಾಡಿಲ್ಲ ಅಂದ್ಮೇಲೆ ಪತ್ತೆಯಾಗಿಲ್ಲ ತಾನೆ? ಎರಡೂ ಒಂದೇ.” ತರ್ಕಶಾಸ್ತ್ರದ ಮೇಷ್ಟ್ರಾಗಬೇಕಿದ್ದ ಮನುಷ್ಯ. ಟ್ಯಾಂಕು ತೊಳೆಸಿ, ಕ್ಲೋರಿನ್ ಹಾಕುವ ಮೊದಲೇ ನೀರನ್ನು ಚೆನ್ನಾಗಿ ಸೋಸಿಸಿ, ಎಲೆರಸ ಕಡಿಮೆಯಾದರೆ ಇದೂ ಕಡಿಮೆಯಾಗುತ್ತದೆ, ಯಂತ್ರ ಗಿಂತ್ರ ಏನೂ ಬೇಡ ಅಂದೆ. “ಅದಕ್ಕೆ ಬೇರೆ ಹೆಡ್ ಆಫ್ ಅಕೌಂಟ್ ಬರ್ತದೆ” ಅಂದರು.

ವಾಪಸು ಬರುವಾಗ ಟ್ಯಾಂಕಿನ ಕೆಳಗೆ ನೀರುಗಂಟಿ ಬೀಡಿ ಹಚ್ಚಿಕೊಂಡು ಕೂತಿದ್ದ. ಪಕ್ಕದಲ್ಲಿ ಬಕೆಟ್ಟು. ನೋಡಯ್ಯ ನಿನ್ನ ಬಾಟಲಿ ತಂದ ಕೀರ್ತಿ ಅಂತ ವರದಿ ಕೈಗೆ ಕೊಟ್ಟೆ. ಬೀಡಿಯನ್ನು ತುಟಿಯಂಚಿಗೆ ಸರಿಸಿ, ಬೆರಳಿಟ್ಟು ಒಂದೊಂದೇ ಸಾಲು ಇಳಿದ. ಮುಖ ಅರಳಿತು.

“ಅಯ್ಯೋ, ಇದು ನನ್ನ ಇನಿಷಿಯಲ್ಲು ಸಾ! ಬಾಟ್ಲಿ ಚೀಟಿ ಮೇಲೆ ಬರೆದು ಕಳ್ಸಿದ್ನಲ್ಲ, ಪಾಪ, ಅದ್ನೇ ನಾಕು ಕಡೆ ಬರ್ಕೊಂಡವ್ರೆ.”